ಹಿರೋಸಾಕಿ: ಕೋಟೆಯೊಳಗೆ ಹೂ ಅರಳಿದ ಕಥೆ

ಜಪಾನ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರು ಎರಡು ಚಿತ್ರಗಳು ನಿಲ್ಲುತ್ತವೆ. ಒಂದು, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡ ಸಾಮುರಾಯ್ ಯೋಧ. ಇನ್ನೊಂದು, ಎಲೆಯೇ ಕಾಣದಂತೆ ನಸುಗೆಂಪು ಹೂ ಹೊತ್ತ ಚೆರ್ರಿ ಮರ. ಇವೆರಡೂ ಹಿಂದಿನಿಂದಲೂ ಒಟ್ಟಿಗೇ ಬಾಳಿ ಬಂದವೆಂದೂ, ಕೋಟೆ ಕಟ್ಟಿದವರೇ ಅದರ ಸುತ್ತ ಈ ಮರಗಳನ್ನೂ ನೆಟ್ಟರೆಂದೂ ನಾವು ತಿಳಿದುಬಿಡುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಹಿರೋಸಾಕಿ ಎಂಬ ಕೋಟೆಯೂರಿಗೆ ಹೋಗಿ ಬಂದ ಮೇಲೆ ಆ ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. ಆ ಊರಿನಲ್ಲಿ ಕೋಟೆಗೂ ಹೂವಿಗೂ ಒಂದು ಕಾಲಕ್ಕೆ ಜಗಳವೇ ನಡೆದಿತ್ತು. ಆ ಜಗಳದ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

2019ರ ವಸಂತದಲ್ಲಿ ನಾನೂ ನನ್ನಾಕೆಯೂ ಟೋಕಿಯೋದಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮುಂಬಯಿಯಿಂದ ಹೊರಡುವುದು ತಡವಾಗಿ, ನಾವು ಮುಟ್ಟುವ ಹೊತ್ತಿಗೆ ಏಪ್ರಿಲ್ ಮೂರನೆಯ ವಾರ ಬಂದಿತ್ತು. ಟೋಕಿಯೋದ ಮರಗಳೆಲ್ಲ ಹೂ ಉದುರಿಸಿ ಹಸುರಾಗಿದ್ದವು. ಇಷ್ಟು ದೂರ ಬಂದು ಹೂವನ್ನೇ ನೋಡಲಿಲ್ಲವಲ್ಲ ಎಂದು ನನ್ನಾಕೆ ಮುಖ ಸಪ್ಪಗೆ ಮಾಡಿದಳು. ಮಗ ನಕ್ಕು, "ಅಮ್ಮಾ, ಹೂವು ಮುಗಿದಿಲ್ಲ, ಉತ್ತರಕ್ಕೆ ಹೋಗಿದೆ. ಅದರ ಹಿಂದೆಯೇ ನಾವೂ ಹೋಗೋಣ" ಎಂದ. ಅವನ ಮಾತು ನಿಜ. ದಕ್ಷಿಣದಲ್ಲಿ ಮಾರ್ಚ್ ತಿಂಗಳಲ್ಲಿ ಆರಂಭವಾಗುವ ಈ ಹೂವಿನ ಕಾಲ, ಚಳಿ ಹಿಂದೆ ಸರಿದಂತೆಲ್ಲ ಉತ್ತರಕ್ಕೆ ಏರುತ್ತ ಹೋಗುತ್ತದೆ. ನಮ್ಮ ಮುಂಗಾರು ಕೇರಳದಿಂದ ಮೇಲೇರುವ ಹಾಗೆ. ದಿನಪತ್ರಿಕೆಗಳೂ ದೂರದರ್ಶನವೂ ನಕಾಶೆಯ ಮೇಲೆ ಗೆರೆ ಎಳೆದು ಅದು ಎಲ್ಲಿಗೆ ಬಂತೆಂದು ತಿಳಿಸುತ್ತಿರುತ್ತವೆ.

ಟೋಕಿಯೋದಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕೆ, ಜಪಾನಿನ ಮುಖ್ಯ ದ್ವೀಪದ ತುದಿಯಲ್ಲಿ ಆಮೋರಿ ಪ್ರಾಂತವಿದೆ. ಶಿಂಕಾನ್ಸೆನ್ ವೇಗದ ರೈಲಿನಲ್ಲಿ ಮೂರೂಕಾಲು ಗಂಟೆ, ಅಲ್ಲಿಂದ ಸಣ್ಣ ರೈಲಿನಲ್ಲಿ ಮತ್ತೂ ಮುಕ್ಕಾಲು ಗಂಟೆ ಸಾಗಿದರೆ ಹಿರೋಸಾಕಿ. ಪಶ್ಚಿಮಕ್ಕೆ 1,625 ಮೀಟರ್ ಎತ್ತರದ ಇವಾಕಿ ಪರ್ವತ ಇನ್ನೂ ಹಿಮ ಹೊದ್ದು ಒಂಟಿಯಾಗಿ ನಿಂತಿತ್ತು. ಹಾದಿಯ ಎರಡೂ ಬದಿಗೆ, ಕಣ್ಣು ಹಾಯುವವರೆಗೂ, ಎಲೆ ಚಿಗುರದ ಸೇಬಿನ ತೋಟಗಳು. ಈ ಸೇಬಿನ ಮರಗಳಿಗೂ ನಾವು ನೋಡಲು ಹೊರಟ ಹೂವಿಗೂ ನಂಟಿದೆಯೆಂದು ಆಗ ನಮಗೆ ಗೊತ್ತಿರಲಿಲ್ಲ.

ಕೋಟೆಯ ಕಂದಕದ ಬಳಿ ಬಂದಾಗ ಕಂಡ ನೋಟವನ್ನು ಮರೆಯಲಾರೆ. ಹೊರ ಕಂದಕದ ಎರಡೂ ದಡದ ಮರಗಳು ನೀರಿನ ಮೇಲೆ ಬಾಗಿ ದಳ ಉದುರಿಸುತ್ತಿದ್ದವು. ನೀರು ಕಾಣುತ್ತಲೇ ಇರಲಿಲ್ಲ. ದಡದಿಂದ ದಡಕ್ಕೆ ಹೂವಿನ ಹಾಸು. ಇದನ್ನು ಜಪಾನೀಯರು 'ಹಾನಾಇಕಾದಾ', ಎಂದರೆ ಹೂವಿನ ತೆಪ್ಪ, ಎನ್ನುತ್ತಾರೆ. ಒಳಗೆ ಹೋದಂತೆ ಇನ್ನೂ ತುಂಬು ಹೂ ಹೊತ್ತ ಮರಗಳು. ಆದರೆ ಕೆಂಪು ಸೇತುವೆಯ ಬಳಿ ನಿಂತು ಕ್ಯಾಲೆಂಡರಿನಲ್ಲಿ ಕಂಡಿದ್ದ ಬಿಳಿಯ ಗೋಪುರವನ್ನು ಹುಡುಕಿದರೆ, ಅದು ಅಲ್ಲಿರಲಿಲ್ಲ! ಅದು ನಿಲ್ಲಬೇಕಾದ ಕಲ್ಲಿನ ಪೀಠದ ಮೂಲೆ ಬಿಚ್ಚಿಹೋಗಿತ್ತು. ಗೋಪುರ ಮಾತ್ರ ಒಳ ಅಂಗಳದ ನಡುವೆ, ಬಿಡಾರ ಬದಲಿಸಿದವರಂತೆ, ಬೇರೊಂದು ಕಡೆ ಕುಳಿತಿತ್ತು. ಇದರ ಕಾರಣವನ್ನು ಮುಂದೆ ಹೇಳುತ್ತೇನೆ.

ಹತ್ತಿರ ಹೋಗಿ ನೋಡಿದಾಗ ಎರಡನೆಯ ಆಶ್ಚರ್ಯ. ಚಿತ್ರದುರ್ಗ, ಬೀದರ್‌ಗಳ ಕಲ್ಲುಗೋಡೆಗಳನ್ನು ಕಂಡ ಕಣ್ಣಿಗೆ ಈ ಮೂರಂತಸ್ತಿನ ಮರದ ಗೋಪುರ ತೀರ ಚಿಕ್ಕದು. ಎತ್ತರ 14 ಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟು ದೊಡ್ಡ ಕಂದಕಗಳ ನಡುವೆ ಇಷ್ಟು ಪುಟ್ಟ ಗೋಪುರವೇಕೆ? ಉತ್ತರಕ್ಕಾಗಿ ನಾಲ್ಕು ನೂರು ವರ್ಷ ಹಿಂದೆ ಹೋಗಬೇಕು.

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನ್ ಪಾಳೆಯಗಾರರ ಕಾಳಗದ ಕಣವಾಗಿತ್ತು. ಉತ್ತರದ ಈ ಮೂಲೆ ನಾನ್ಬು ಎಂಬ ಮನೆತನದ ಹಿಡಿತದಲ್ಲಿತ್ತು. ಅವರ ಕೈಕೆಳಗಿದ್ದ ತಾಮೆನೋಬು ಎಂಬವನು 1571ರಲ್ಲಿ ತಿರುಗಿಬಿದ್ದು, ಒಂದೊಂದೇ ಕೋಟೆಯನ್ನು ಗೆದ್ದುಕೊಂಡು, 1590ರ ವೇಳೆಗೆ ಜಪಾನನ್ನು ಒಂದುಗೂಡಿಸುತ್ತಿದ್ದ ತೊಯೊತೊಮಿ ಹಿದೆಯೋಶಿಯಿಂದ ತನ್ನ ಒಡೆತನಕ್ಕೆ ಮನ್ನಣೆ ಪಡೆದ. ತನ್ನ ಸೀಮೆಯ ಹೆಸರನ್ನೇ ಮನೆತನಕ್ಕಿಟ್ಟು ತ್ಸುಗಾರು ತಾಮೆನೋಬು ಎನಿಸಿಕೊಂಡ. 1603ರಲ್ಲಿ ಹೊಸ ಕೋಟೆಗೆ ಯೋಜನೆ ಹಾಕಿದನಾದರೂ ಅದನ್ನು ಕಣ್ಣಾರೆ ಕಾಣಲಿಲ್ಲ. ಅವನ ಮಗ ನೋಬುಹಿರಾ 1611ರಲ್ಲಿ ಕಟ್ಟಡ ಮುಗಿಸಿದ. ಆಗ ನಿಂತದ್ದು ಐದಂತಸ್ತಿನ ಗೋಪುರ.

ಅದರ ಆಯುಷ್ಯ ಹದಿನಾರೇ ವರ್ಷ. 1627ರಲ್ಲಿ ಸಿಡಿಲು ಬಡಿದು ಬೆಂಕಿ ಹತ್ತಿತು. ಒಳಗೆ ಕೂಡಿಟ್ಟಿದ್ದ ಸಿಡಿಮದ್ದಿಗೆ ಕಿಡಿ ತಾಗಿ ಗೋಪುರ ಹಾರಿಹೋಯಿತು. ಅಷ್ಟರಲ್ಲಿ ತೋಕುಗಾವಾ ಶೋಗುನರ ಆಳ್ವಿಕೆ ಬೇರೂರಿತ್ತು. ಅಪ್ಪಣೆಯಿಲ್ಲದೆ ಯಾವ ಪಾಳೆಯಗಾರನೂ ಕೋಟೆಯನ್ನು ದುರಸ್ತಿ ಕೂಡ ಮಾಡಿಸಕೂಡದೆಂದು 1615ರಲ್ಲೇ ಕಟ್ಟಳೆಯಾಗಿತ್ತು. ಹೀಗಾಗಿ ಹಿರೋಸಾಕಿ ಸುಮಾರು ಎರಡು ಶತಮಾನ ಗೋಪುರವಿಲ್ಲದ ಕೋಟೆಯಾಗಿಯೇ ಉಳಿಯಿತು.

ಮತ್ತೆ ಅಪ್ಪಣೆ ದೊರೆತ ಬಗೆ ಮನಸ್ಸನ್ನು ಕಲಕುವಂಥದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಹಡಗುಗಳು ಉತ್ತರದ ಎಜೋ ದ್ವೀಪದ, ಎಂದರೆ ಇಂದಿನ ಹೊಕ್ಕಾಯ್ಡೋದ, ಕಡೆ ಸುಳಿಯತೊಡಗಿದವು. ಕಾವಲಿನ ಹೊಣೆ ತ್ಸುಗಾರು ಮನೆತನದ ಪಾಲಿಗೂ ಬಂತು. 1807ರಲ್ಲಿ ಶಾರಿ ಎಂಬ ಕಡಲತೀರಕ್ಕೆ ಕಳುಹಿಸಿದ ನೂರು ಮಂದಿಯಲ್ಲಿ 72 ಮಂದಿ, ಒಬ್ಬ ಶತ್ರುವನ್ನೂ ಕಾಣದೆ, ಚಳಿಗೂ ಮೈ ಊದಿಕೊಳ್ಳುವ ರೋಗಕ್ಕೂ ಬಲಿಯಾದರು. ಈ ಕಾವಲಿನ ಸೇವೆಗಾಗಿ ಮನೆತನದ ಅಂತಸ್ತನ್ನು 1808ರಲ್ಲಿ ಒಂದು ಲಕ್ಷ ಕೊಕುವಿಗೆ ಏರಿಸಲಾಯಿತು. ಕೊಕು ಎಂಬುದು ಅಕ್ಕಿಯ ಅಳತೆ, ಸುಮಾರು 150 ಕಿಲೋ. ಅದರಿಂದಲೇ ಅಂದು ಸಂಸ್ಥಾನಗಳ ಸ್ಥಾನಮಾನವನ್ನು ಎಣಿಸುತ್ತಿದ್ದರು. ಹೊಸ ಅಂತಸ್ತಿಗೆ ಒಪ್ಪುವಂತೆ ಒಂಬತ್ತನೆಯ ದೊರೆ ಯಾಸುಚಿಕಾ 1810ರಲ್ಲಿ, ಮೂಲೆಯ ಕಾವಲು ಅಟ್ಟಳೆಯೊಂದರ ಜಾಗದಲ್ಲಿ, ಈಗಿರುವ ಗೋಪುರವನ್ನು ಎಬ್ಬಿಸಿದ. ಶೋಗುನರ ಮರ್ಯಾದೆಗಾಗಿ ಅದನ್ನು ಗೋಪುರವೆನ್ನದೆ 'ಮೂರಂತಸ್ತಿನ ಅಟ್ಟಳೆ' ಎಂದೇ ಕರೆದರು. ಊರಿಗೆ ಮುಖ ಮಾಡಿದ ಎರಡು ಬದಿಗಳಲ್ಲಿ ಅಲಂಕಾರದ ಕಮಾನುಗಳೂ ಬಾಣದ ಕಂಡಿಗಳೂ ಇವೆ. ಒಳಗಿನ ಎರಡು ಬದಿಗಳಲ್ಲಿ ಸಾದಾ ಕಿಟಕಿಗಳ ಸಾಲು. ಮುಂದೆ ಶೃಂಗಾರ, ಹಿಂದೆ ಮಿತವ್ಯಯ. ಏನೇ ಇರಲಿ, ಮೂಲ ರೂಪದಲ್ಲಿ ಇಂದು ಜಪಾನಿನಲ್ಲಿ ಉಳಿದಿರುವ ಕೋಟೆ ಗೋಪುರಗಳು ಹನ್ನೆರಡೇ. ಈಶಾನ್ಯ ಜಪಾನಿನಲ್ಲಿ ಉಳಿದದ್ದು ಇದೊಂದೇ.

ಇನ್ನು ಹೂವಿನ ಮಾತು. ಕೋಟೆಯಲ್ಲಿ ಹಿಂದೆ ಚೆರ್ರಿ ಮರಗಳೇ ಇರಲಿಲ್ಲವೆಂದಲ್ಲ. 1715ರಲ್ಲಿ ಸಂಸ್ಥಾನದ ಸೇವಕನೊಬ್ಬ ಕ್ಯೋಟೋದಿಂದ 25 ಸಸಿಗಳನ್ನು ತರಿಸಿ ನೆಟ್ಟ ದಾಖಲೆಯಿದೆ. ಆದರೆ ಅದು ದೊರೆಯ ಕೋಟೆ. ಊರಿನ ಜನ ಒಳಗೆ ಬಂದು ಮರದಡಿ ಕೂತು ಉಣ್ಣುವುದು ಕನಸಿನ ಮಾತು.

1868ರಲ್ಲಿ ಶೋಗುನರ ಆಳ್ವಿಕೆ ಕುಸಿದು ಮೇಯ್ಜಿ ಚಕ್ರವರ್ತಿಯ ಹೊಸ ಸರಕಾರ ಬಂತು. ಆ ವರ್ಷದ ಅಂತಃಕಲಹದಲ್ಲಿ ತ್ಸುಗಾರು ಮನೆತನ ಮೊದಲು ಅತ್ತಿತ್ತ ತೂಗಾಡಿದರೂ ಕೊನೆಗೆ ಗೆದ್ದವರ ಪಕ್ಷಕ್ಕೇ ಸೇರಿತ್ತು. ಗೆದ್ದು ಪಡೆದದ್ದೇನು? 1871ರಲ್ಲಿ ಸಂಸ್ಥಾನಗಳೇ ರದ್ದಾದವು. ಪ್ರಾಂತದ ಆಡಳಿತ ಕೇಂದ್ರವಾಗಬೇಕಿದ್ದ ಹಿರೋಸಾಕಿಯಿಂದ ಅದೇ ವರ್ಷ ಕಚೇರಿಗಳು ಆಮೋರಿ ಬಂದರಿಗೆ ಹೋದವು. 1873ರಲ್ಲಿ ಕೋಟೆಗಳನ್ನು ತೆಗೆದುಹಾಕುವ ಆಜ್ಞೆ ಹೊರಟು, ಒಳ ಪ್ರಾಕಾರದ ಅರಮನೆಯನ್ನು ಕೆಡವಿದರು. 1876ರಲ್ಲಿ ಸಾಮುರಾಯ್‌ಗಳು ಕತ್ತಿ ಧರಿಸುವುದು ನಿಷಿದ್ಧವಾಯಿತು. ತಲೆತಲಾಂತರದಿಂದ ಬರುತ್ತಿದ್ದ ಅಕ್ಕಿಯ ವರ್ಷಾಶನವೂ ನಿಂತಿತು. ಬಾಳೆಂದರೆ ಸೇವೆ ಎಂದು ತಿಳಿದಿದ್ದವರ ಮನೆಗಳಲ್ಲಿ ಒಲೆ ಹೊತ್ತಿಸುವುದು ಹೇಗೆಂಬ ಪ್ರಶ್ನೆ ಎದ್ದಿತು. ಕೋಟೆಯೊಳಗೆ ಹುಲ್ಲು ಬೆಳೆಯಿತು.

ಇಂಥ ಹೊತ್ತಿನಲ್ಲಿ ನಮ್ಮ ಕಥೆಯ ನಾಯಕ ಪ್ರವೇಶಿಸುತ್ತಾನೆ. ಅವನ ಹೆಸರು ಕಿಕುಚಿ ತಾತೆಯೆ. ಸಂಸ್ಥಾನದ ಸೇವೆಯಲ್ಲಿದ್ದ ಸಾಮುರಾಯ್. 1875ರಲ್ಲಿ ಸರಕಾರ ಆಮೋರಿ ಪ್ರಾಂತಕ್ಕೆ ಪಾಶ್ಚಾತ್ಯ ಸೇಬಿನ ಮೂರು ಸಸಿಗಳನ್ನು ಕಳುಹಿಸಿಕೊಟ್ಟಿತ್ತು. ಕಿಕುಚಿ ಹೊಕ್ಕಾಯ್ಡೋದ ನಾನಾಯೆಯಲ್ಲಿದ್ದ ಸರಕಾರಿ ತೋಟಕ್ಕೆ ಹೋಗಿ ಕಸಿ ಕಟ್ಟುವುದನ್ನು ಕಲಿತು ಬಂದು, ತನ್ನಂತೆಯೇ ಕೆಲಸ ಕಳೆದುಕೊಂಡವರಿಗೆ ಕಲಿಸಿದ. ಸಾಮುರಾಯ್‌ಗಳ ಹಿತ್ತಿಲುಗಳಲ್ಲಿ ಸೇಬಿನ ಗಿಡಗಳು ಎದ್ದವು. ಇಂದು ಜಪಾನಿನ ಸೇಬಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಮೋರಿಯಲ್ಲಿ ಬೆಳೆಯುವುದು ಆ ಹಿತ್ತಿಲುಗಳ ಫಲ.

ಕಿಕುಚಿಯ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಹಾಳುಬಿದ್ದ ಕೋಟೆಯನ್ನು ನೋಡಲಾರದೆ, 1882ರಲ್ಲಿ ಒಂದು ಸಾವಿರ ಚೆರ್ರಿ ಸಸಿಗಳನ್ನು ಅದರೊಳಗೆ ನೆಟ್ಟ. ಎರಡು ವರ್ಷ ಮುಂಚೆ ಉಚಿಯಾಮಾ ಕಾಕುಯಾ ಎಂಬ ಇನ್ನೊಬ್ಬನೂ 20 ಸಸಿಗಳನ್ನು ನೆಟ್ಟಿದ್ದ. ಊರು ಸಂತೋಷಪಟ್ಟಿತೆಂದುಕೊಂಡಿರಾ? ಇಲ್ಲ. ಹಳೆಯ ಸಾಮುರಾಯ್‌ಗಳಿಗೆ ರೇಗಿಹೋಯಿತು. ದೊರೆ ಕೂತ ನೆಲದಲ್ಲಿ ಇನ್ನು ಮುಂದೆ ಕಂಡಕಂಡವರೆಲ್ಲ ಹೂವಿನಡಿ ಚಾಪೆ ಹಾಸಿ ಕುಡಿದು ಕುಣಿಯುವುದೇ? ಅವರು ಬಂದು ಸಸಿಗಳನ್ನು ಕಿತ್ತರು, ಮುರಿದರು.

ಈ ಸಸಿ ಮುರಿದವರನ್ನು ಮೂರ್ಖರೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ಒಡೆಯ ಹೋಗಿದ್ದ, ಕತ್ತಿ ಹೋಗಿತ್ತು, ಅನ್ನ ಹೋಗಿತ್ತು. ಉಳಿದಿದ್ದದ್ದು ಆ ನೆಲದ ಗೌರವವೊಂದೇ. ಅದಕ್ಕೂ ಹೂವಿನ ಗಿಡ ಬಂತೆಂದು ಅವರು ನೊಂದರು. ಆದರೆ ಅದೇ ನಷ್ಟವನ್ನು ಉಂಡಿದ್ದ ಕಿಕುಚಿ, ಅದೇ ನೆಲವನ್ನು ನೋಡಿ ಗುದ್ದಲಿ ಹಿಡಿದ. ಒಂದೇ ದುಃಖದಿಂದ ಹೊರಟ ಎರಡು ಕೈಗಳು. ಒಂದು ಮುರಿಯಿತು, ಒಂದು ನೆಟ್ಟಿತು. ಚರಿತ್ರೆಯಲ್ಲಿ ಇಂಥ ಗಳಿಗೆ ಎಲ್ಲ ಊರುಗಳಿಗೂ ಬರುತ್ತದೆ.

ನೆಟ್ಟ ಕೈ ಗೆದ್ದಿತು. 1895ರಲ್ಲಿ ಕೋಟೆಯನ್ನು ಸಾರ್ವಜನಿಕ ಉದ್ಯಾನವಾಗಿ ತೆರೆದರು. 1897ರಲ್ಲಿ ಉಚಿಯಾಮಾ ಇನ್ನೂ ನೂರು ಸಸಿಗಳನ್ನು ದಾನ ಕೊಟ್ಟ. 1901ರಿಂದ 1903ರವರೆಗೆ, ಯುವರಾಜನ ಮದುವೆಯ ನೆನಪಿಗೆಂದು, ಮತ್ತೊಂದು ಸಾವಿರ ಬಂದವು. 1918ರಲ್ಲಿ ಮೊದಲ ಹೂವಿನ ಉತ್ಸವ ನಡೆಯಿತು. ಈಗ ಅಲ್ಲಿರುವ ಚೆರ್ರಿ ಮರಗಳು ಸುಮಾರು 2,600.

ಇವುಗಳಲ್ಲಿ ಹೆಚ್ಚಿನವು 'ಸೊಮೆಯ್ ಯೋಶಿನೋ' ಜಾತಿಯವು. ಎಡೋ ನಗರದ, ಎಂದರೆ ಇಂದಿನ ಟೋಕಿಯೋದ, ಪಕ್ಕದ ಸೊಮೆಯ್ ಹಳ್ಳಿಯ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ತಂದ ಮಿಶ್ರತಳಿ ಇದು. ಬೀಜದಿಂದ ಇದೇ ಗುಣದ ಗಿಡ ಬಾರದು. ಕಸಿ ಕಟ್ಟಿಯೇ ಬೆಳೆಸಬೇಕು. ಹೀಗಾಗಿ ನಾಡಿನ ಸೊಮೆಯ್ ಯೋಶಿನೋಗಳೆಲ್ಲ ಒಂದೇ ಮರದ ತುಂಡುಗಳಿದ್ದಂತೆ. ಒಂದೆಡೆಯ ಮರಗಳೆಲ್ಲ ಒಂದೇ ದಿನ ಮಾತಾಡಿಕೊಂಡಂತೆ ಅರಳುವುದರ ಗುಟ್ಟು ಇದೇ. ಜಪಾನಿನ ಬೇರೆ ಹಲವು ಕೋಟೆಗಳಲ್ಲಿ ನಾವಿಂದು ನೋಡುವ ಹೂವಿನ ಸಾಲುಗಳೂ ಮೇಯ್ಜಿ ಕಾಲದ ಈಚೆಗೆ ನೆಟ್ಟವೇ. ಸಾಮುರಾಯ್ ಕಾಲದ ಗುರುತೆಂದು ನಾವು ಭಾವಿಸಿದ್ದು ಸಾಮುರಾಯ್ ಕಾಲ ಮುಗಿದ ಮೇಲೆ ಬಂದದ್ದು.

ಆ ಹೂವಿಗೆ ಒಂದು ಕಹಿಯಾದ ಅಧ್ಯಾಯವೂ ಉಂಟು. 1890ರ ದಶಕದ ಕೊನೆಗೆ ಹಿರೋಸಾಕಿ ಸೇನೆಯ 8ನೆಯ ವಿಭಾಗದ ಕೇಂದ್ರವಾಯಿತು. ಚಕ್ರವರ್ತಿಗಾಗಿ ಹೂವಿನಂತೆ ಉದುರುವುದೇ ಸೈನಿಕನ ಧರ್ಮವೆಂದು ನಾಡಿಗೆ ನಾಡೇ ಬೋಧಿಸತೊಡಗಿತು. 1944ರಲ್ಲಿ ಶತ್ರುವಿನ ಹಡಗುಗಳಿಗೆ ವಿಮಾನ ಸಮೇತ ಅಪ್ಪಳಿಸಿ ಸಾಯಲು ಹೊರಟ ತುಕಡಿಗಳಲ್ಲಿ ಒಂದಕ್ಕೆ 'ಯಾಮಾಜಾಕುರಾ', ಬೆಟ್ಟದ ಚೆರ್ರಿ, ಎಂದೇ ಹೆಸರಿಟ್ಟಿದ್ದರು. ಕ್ಷಣಿಕತೆಯ ಚೆಲುವನ್ನು ಮರಣದ ಕರೆಯಾಗಿ ತಿರುಗಿಸಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ತಪ್ಪು ಹೂವಿನದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಉದ್ಯಾನದೊಳಗೆ ಒಂದು ಮುದಿ ಮರದ ಮುಂದೆ ಫಲಕವಿದೆ: 1882ರಲ್ಲಿ ನೆಟ್ಟದ್ದು. ಸಸಿ ಮುರಿದವರ ಕೈಯಿಂದ ತಪ್ಪಿಸಿಕೊಂಡ ಮರ! ಈ ಜಾತಿಯ ಆಯುಷ್ಯ ಅರುವತ್ತರಿಂದ ಎಂಬತ್ತು ವರ್ಷ ಎಂಬುದು ಸಾಮಾನ್ಯ ಎಣಿಕೆ. ಇಲ್ಲಿಯಾದರೋ ನೂರು ದಾಟಿದ ಮರಗಳೇ ಮುನ್ನೂರಕ್ಕೂ ಹೆಚ್ಚು. ಇದು ಹೇಗೆಂದು ನಾವು ಬೆರಗಾಗಿ ನಿಂತಿದ್ದಾಗ, ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಮಗನೊಡನೆ ಮಾತಿಗೆ ತೊಡಗಿದರು. ಅವರು ಹಿಂದೆ ಸೇಬು ಬೆಳೆಯುತ್ತಿದ್ದವರು. ಜಪಾನಿನಲ್ಲಿ ಒಂದು ಗಾದೆಯಿದೆಯಂತೆ: ಚೆರ್ರಿ ಮರವನ್ನು ಕಡಿಯುವವನೂ ಮೂರ್ಖ, ಪ್ಲಮ್ ಮರವನ್ನು ಕಡಿಯದವನೂ ಮೂರ್ಖ. ಚೆರ್ರಿಯ ರೆಂಬೆ ಕತ್ತರಿಸಿದರೆ ಗಾಯ ಕೊಳೆತು ಮರ ಸಾಯುತ್ತದೆಂಬ ನಂಬಿಕೆ. ಆದರೆ ಚೆರ್ರಿಯೂ ಸೇಬೂ ಗುಲಾಬಿಯ ಕುಲಕ್ಕೇ ಸೇರಿದ ಮರಗಳು. ಮಹಾಯುದ್ಧದ ನಂತರದ ದಶಕಗಳಲ್ಲಿ ಉದ್ಯಾನದವರು ಗಾದೆಯನ್ನು ಬದಿಗಿಟ್ಟು, ಊರಿನ ಸೇಬುಗಾರರ ರೀತಿಯಲ್ಲೇ ಮುದಿ ಚೆರ್ರಿಗಳ ರೆಂಬೆ ಸವರಿ, ಗಾಯಕ್ಕೆ ಮದ್ದು ಹಚ್ಚಿ, ಬುಡಕ್ಕೆ ಗೊಬ್ಬರ ಕೊಟ್ಟರು. ಮರಗಳು ಸಾಯಲಿಲ್ಲ, ಹೊಸ ಚಿಗುರು ಒಡೆದು ಎಳೆಯ ಮರಗಳಂತೆ ಹೂಬಿಟ್ಟವು. ಬೇರೆ ಕಡೆ ಒಂದು ಮೊಗ್ಗಿನಿಂದ ಮೂರು ನಾಲ್ಕು ಹೂ ಬಂದರೆ ಇಲ್ಲಿ ನಾಲ್ಕೈದು ಬರುತ್ತವೆ. ಈಗ ಪ್ರತಿ ವರ್ಷ ಹಿಮ ಕರಗುವ ಮುನ್ನವೇ ನಗರಸಭೆಯ ಮರವೈದ್ಯರು ಏಣಿ ಹತ್ತುತ್ತಾರೆ.

"ಹೂಬಿಡುವ ಮರಕ್ಕೆ ಕತ್ತರಿ ಹಾಕಲು ಮನಸ್ಸಾದರೂ ಹೇಗೆ ಬರುತ್ತದೆ, ಕೇಳು" ಎಂದಳು ನನ್ನಾಕೆ. ಮಗ ಕೇಳಿದ. ಅವರು ನಕ್ಕು ಹೇಳಿದ್ದನ್ನು ಅವನು ಕನ್ನಡಕ್ಕೆ ತಿರುಗಿಸಿದ: "ತಾಯಿಯವರಿಗೆ ಹೇಳಿ, ಮುದಿ ಮರಕ್ಕೆ ಎಲ್ಲ ಕೊಂಬೆಗಳನ್ನೂ ಹೊರುವ ಶಕ್ತಿಯಿಲ್ಲ. ಯಾವುದನ್ನು ಉಳಿಸಬೇಕೆಂದು ಗೊತ್ತಿರುವವನು ಕತ್ತರಿಸಬಹುದು." ಆ ಮಾತನ್ನು ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು.

ಈಗ ಗೋಪುರ ಜಾಗ ಬದಲಿಸಿದ ಕಾರಣ. ಅದರ ಕೆಳಗಿನ ಕಲ್ಲುಗೋಡೆ ಕಾಲಕ್ರಮದಲ್ಲಿ ಉಬ್ಬಿ ಕುಸಿಯುವ ಭಯವಿತ್ತು. 2015ರಲ್ಲಿ, ಸುಮಾರು 400 ಟನ್ ತೂಕದ ಗೋಪುರವನ್ನು ಬಿಚ್ಚದೆ ಇಡಿಯಾಗಿ ಎತ್ತಿ, ಹಳಿಗಳ ಮೇಲೆ 70 ಮೀಟರಿಗೂ ಹೆಚ್ಚು ದೂರ ಸರಿಸಿದರು. ಯಂತ್ರಗಳಿದ್ದವು, ನಿಜ. ಆದರೂ ಕೆಲವು ದಿನ ಊರಿನವರಿಗೂ ಹಗ್ಗ ಹಿಡಿಯಲು ಅವಕಾಶ ಕೊಟ್ಟರು. ಸಾವಿರಾರು ಜನ, ಮುದುಕರು ಮಕ್ಕಳೆನ್ನದೆ, ಸಾಲಾಗಿ ನಿಂತು ನಮ್ಮಲ್ಲಿ ತೇರು ಎಳೆಯುವಂತೆ ತಮ್ಮ ಕೋಟೆಯನ್ನು ಎಳೆದರಂತೆ. ಆಮೇಲೆ ಗೋಡೆಯ ಕಲ್ಲುಗಳಿಗೆ ಒಂದೊಂದಕ್ಕೂ ಸಂಖ್ಯೆ ಬರೆದು ಬಿಚ್ಚಿದರು, ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ಗೋಪುರವನ್ನು ಮರಳಿ ಕೂರಿಸಬೇಕೆಂದು. ನಾವು ಕಂಡ ಬರಿದಾದ ಮೂಲೆ ಅದೇ. ಒಂದು ಕಾಲಕ್ಕೆ ಈ ಅಂಗಳಕ್ಕೆ ಕಾಲಿಡಲಾಗದಿದ್ದ ಜನರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಕೋಟೆಯ ಹಗ್ಗ! ಸಸಿ ಮುರಿದ ಹಿರಿಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಜನ ಬಂದದ್ದರಿಂದ ಕೋಟೆಯ ಮರ್ಯಾದೆ ಹೋಗಲಿಲ್ಲ. ಜನ ಬಂದದ್ದರಿಂದಲೇ ಕೋಟೆ ಉಳಿಯಿತು.

ಸಂಜೆ ಹೊರಡುವ ಮುನ್ನ ಊರೊಳಗೆ ಸಾಯ್ಶೋಇನ್ ಎಂಬ ಬೌದ್ಧಾಲಯದ ಐದಂತಸ್ತಿನ ಗೋಪುರವನ್ನು ನೋಡಿದೆವು. 1667ರಲ್ಲಿ ಪೂರ್ಣಗೊಂಡದ್ದು. ತ್ಸುಗಾರು ಸೀಮೆಯನ್ನು ಗೆಲ್ಲುವ ಯುದ್ಧಗಳಲ್ಲಿ ಸತ್ತವರೆಲ್ಲರ ಶಾಂತಿಗಾಗಿ, ನಮ್ಮವರು ಶತ್ರುಗಳೆಂಬ ಭೇದವೆಣಿಸದೆ ಕಟ್ಟಿಸಿದರೆಂದು ಹೇಳುತ್ತಾರೆ. ಸಿಡಿಲಿಗೆ ಹೋದ ಕೋಟೆಯ ಐದಂತಸ್ತು ಮರಳಲಿಲ್ಲ. ಸತ್ತವರಿಗೆಂದು ಎತ್ತಿದ ಈ ಐದಂತಸ್ತು ಇನ್ನೂ ನಿಂತಿದೆ.

ಮರುವರ್ಷ, 2020ರಲ್ಲಿ, ಕೋವಿಡ್ ಕಾರಣದಿಂದ ಉತ್ಸವ ನಿಂತು, ಹೂವಿನ ಕಾಲದಲ್ಲೇ ಉದ್ಯಾನದ ಬಾಗಿಲು ಮುಚ್ಚಿತೆಂದು ಮಗ ಫೋನಿನಲ್ಲಿ ತಿಳಿಸಿದ. ಮುಂಬಯಿಯ ಮನೆಯಲ್ಲಿ ನಾವೂ ಆಗ ಬಾಗಿಲು ಹಾಕಿಕೊಂಡು ಕುಳಿತಿದ್ದೆವು. "ಪಾಪ, ಯಾರಿಗಾಗಿ ಅರಳುತ್ತಿವೆಯೋ" ಎಂದಳು ನನ್ನಾಕೆ. ನನಗೆ ಮಾತ್ರ ಆ 1882ರ ಮುದಿ ಮರ ನೆನಪಾಯಿತು. ಬೇಡವೆಂದವರ ನಡುವೆ ಅರಳಿ ಅಭ್ಯಾಸವಾದ ಮರ ಅದು. ನೋಡುವವರಿಲ್ಲದ ಒಂದು ವಸಂತ ಅದಕ್ಕೇನೂ ಹೆಚ್ಚಲ್ಲ.